ಎಂಟರಲ್ಲೋ ಒಂಬತ್ತರಲ್ಲೋ

ನನಗೆ ಆಗ ಐವತ್ತೆಂಟು. ಇಪ್ಪತ್ತೆರಡು ವರ್ಷ ಆಯಿತು. ಮೊನ್ನೆ, ಈಗ ನಾನಿರುವ ಎರ್ನಾಕುಲದ ಫ್ಲ್ಯಾಟಿನಲ್ಲಿ, ಕೆಳಗಿನ ಮನೆಯವರು ಒಣಮೀನು ಹುರಿದರು. ಅದೇ ಹೊತ್ತಿಗೆ ನಾನು ದೇವರ ಮುಂದೆ ಕರ್ಪೂರ ಹಚ್ಚಿದ್ದೆ. ಎರಡು ವಾಸನೆಯೂ ಕೂಡಿ ಮೂಗಿಗೆ ಬಂದದ್ದೇ, ತುಂಬದ ಮನೆ ಎದುರಿಗೆ ಬಂದು ನಿಂತಿತು. ತುಂಬ ಎಂದರೆ ತಿರುವನಂತಪುರದ ಪಕ್ಕದ ಕಡಲ ದಂಡೆ. ಬೇಲಿಯ ಒಳಗೆ ರಾಕೆಟ್ ಬಿಡುವವರ ದೊಡ್ಡ ಆಫೀಸು, ಬೇಲಿಯ ಹೊರಗೆ ಮೀನು ಒಣಗಿಸುವವರ ಮನೆಗಳು. ನನ್ನ ತಮ್ಮ ಅನಂತ ಒಳಗಿನವ, ನಮ್ಮ ಬಾಡಿಗೆ ಮನೆ ಹೊರಗಿನದು. ಗಾಳಿ ಬೀಸಿದರೆ ಮೀನಿನ ನಾತ ಅಡುಗೆಮನೆಗೂ ನಿಲ್ಲದೆ ಸೀದಾ ದೇವರ ಕೋಣೆಗೇ ಹೋಗುತ್ತಿತ್ತು. ನಾನು ಕರ್ಪೂರ ಹಚ್ಚಿ ಓಡಿಸುತ್ತಿದ್ದೆ. ಅದು ಓಡುತ್ತಿರಲಿಲ್ಲ. ಎರಡೂ ಹೊಂದಿಕೊಂಡು ಇರುತ್ತಿದ್ದವು, ನಾನೂ ಅನಂತನೂ ಇದ್ದ ಹಾಗೆ.

ನಾವು ಕುಂಬಳೆ ಕಡೆಯವರು. ನನ್ನ ಓದು ಎರಡನೇ ಕ್ಲಾಸಿಗೆ ನಿಂತಿತು. ಅನಂತನದು ಎಲ್ಲಿಗೆ ನಿಂತಿತೆಂದು ನನಗೆ ಗೊತ್ತಿಲ್ಲ, ನಿಂತಿತೋ ಇಲ್ಲವೋ ಅದೂ ಗೊತ್ತಿಲ್ಲ. ಗಂಡ ಸತ್ತ ಮೇಲೆ ನಾನು ಅವನ ಅಡುಗೆಗೆ ಬಂದೆ. ಅವನಿಗೆ ಮದುವೆ ಇರಲಿಲ್ಲ. ದೀಪಕ್ಕೆ ಕೈ ಮುಗಿಯುವವನಲ್ಲ, ಮುಗಿಯುವವಳನ್ನು ತಡೆಯುವವನೂ ಅಲ್ಲ. ಸಾರಿಗೆ ಉಪ್ಪು ಸರಿಯುಂಟಾ ಎಂದು ಕೇಳಿದರೆ, "ಒಂದು ತುತ್ತಿನಲ್ಲಿ ಹೇಗೆ ಹೇಳುವುದು ಅಕ್ಕ, ಇನ್ನೊಂದು ತಿಂದು ನೋಡ್ತೇನೆ" ಎನ್ನುವ ಜಾತಿ. ಊಟ ಮುಗಿದ ಮೇಲೆ "ಸರಿ ಇತ್ತು" ಎನ್ನುವನು. ಆಗ ಅದರಿಂದ ಯಾರಿಗೆ ಪ್ರಯೋಜನ? ಪಕ್ಕದ ಮನೆಯ ಫಿಲೋಮಿನಾ ಒಣಮೀನು ಮಗುಚುತ್ತಾ ಬೇಲಿಯಾಚೆಯಿಂದ ದಿನಾ ಕೂಗುತ್ತಿದ್ದಳು, "ಚೇಚೀ, ಶಾಸ್ತ್ರಜ್ಞನ್ ಸಾರ್ ಪೋಯೋ?" ಅಕ್ಕಾ, ಸಾರ್ ಹೋದರಾ ಎಂದು. ಮಲಯಾಳದಲ್ಲಿ ಶಾಸ್ತ್ರ ಎಂದರೆ ವಿಜ್ಞಾನ. ನಮ್ಮಲ್ಲಿ ಶಾಸ್ತ್ರ ಎಂದರೆ ಪುರೋಹಿತರದ್ದು, ಜೋಯಿಸರದ್ದು, ಬಳೆ ತೊಡಿಸುವುದು, ಅರಿಶಿನ ಹಚ್ಚುವುದು. ಇದು ನನಗೆ ತಿಳಿಯಲು ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ, ಜನಿವಾರ ಹಾಕದವನನ್ನು ಈ ಹೆಂಗಸು ಯಾಕೆ ಹೀಗೆ ತಮಾಷೆ ಮಾಡುತ್ತಾಳೆ ಎಂದು ನನಗೆ ಸಿಟ್ಟೇ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಎರ್ನಾಕುಲದಿಂದ ರೈಲು ಹತ್ತಿ ಮೂವರು ಬಂದರು. ಧಾರವಾಡದ ಕುಲಕರ್ಣಿಯವರು, ಬ್ಯಾಂಕಿನವರು. ಅವರ ಮಗಳು ವಾಣಿ. ಮತ್ತೊಬ್ಬರು ಮೈಸೂರಿನ ಅನಸೂಯಮ್ಮ. ಇವರ ಮಗನಿಗೂ ವಾಣಿಗೂ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದೇ ಆಫೀಸಿನಲ್ಲಿ ಕೆಲಸ. ದಿನಾ ಒಂದೇ ಬೋಟಿನಲ್ಲಿ ಹೋಗಿ ಬಂದು ಒಬ್ಬರನ್ನೊಬ್ಬರು ಮೆಚ್ಚಿದ್ದರು. ಎಲ್ಲ ಒಪ್ಪಿಗೆಯಾಗಿತ್ತು, ಜಾತಕ ಒಂದನ್ನು ಬಿಟ್ಟು. ವಾಣಿಯ ಜಾತಕದ ಎಂಟನೇ ಮನೆಯಲ್ಲಿ ಕುಜ ಕೂತಿದ್ದ. ಹಾಗಿದ್ದರೆ ಕಟ್ಟಿಕೊಂಡ ಗಂಡ ಬಾಳುವುದಿಲ್ಲ ಎನ್ನುತ್ತಾರೆ. ಅನಸೂಯಮ್ಮ ಒಂದೇ ಮಾತು ಹೇಳಿದ್ದರಂತೆ: ದೊಡ್ಡ ಶಾಸ್ತ್ರಜ್ಞರೊಬ್ಬರು ನೋಡಿ ದೋಷವಿಲ್ಲ ಎನ್ನಲಿ, ಮದುವೆ. ಇಲ್ಲದಿದ್ದರೆ ಇಲ್ಲ.

"ನಮಸ್ಕಾರ್ರೀ ಅಕ್ಕಾರ. ಶಾಸ್ತ್ರಜ್ಞರು ಮನ್ಯಾಗ ಅದಾರೇನ್ರಿ?" ಎಂದರು ಕುಲಕರ್ಣಿ.

"ಪೇಟೆಗೆ ಹೋಗಿದ್ದಾನೆ. ಕೂತುಕೊಳ್ಳಿ, ಈಗ ಬರ್ತಾನೆ."

"ಪೂಜೆಗೆ ಹೂ ತರೋಕಾ?" ಎಂದರು ಅನಸೂಯಮ್ಮ.

"ಅಲ್ಲ, ಬಲ್ಬು ತರ್ಲಿಕ್ಕೆ."

ಕುಲಕರ್ಣಿಯವರು ಗೋಡೆಯ ಮೇಲಿದ್ದ ರಾಕೆಟ್ಟಿನ ಪಟಕ್ಕೆ ಕೈ ಮುಗಿದು, "ಯಾವ ಕ್ಷೇತ್ರದ ಗೋಪುರ್ರೀ ಇದು?" ಎಂದು ಕೇಳಿದರು. "ಅದು ಈಗ ಇಲ್ಲ. ಮೇಲೆ ಹೋಗಿ ಎರಡು ವರ್ಷ ಆಯ್ತು" ಎಂದೆ. ಅವರು ಗಾಬರಿಯಾಗಿ ಅನಸೂಯಮ್ಮನ ಮುಖ ನೋಡಿದರು. ನನಗೆ ಏನೋ ತಪ್ಪಿದೆ ಎಂದು ಅನ್ನಿಸಿತು, ಆದರೆ ಏನೆಂದು ಹೊಳೆಯಲಿಲ್ಲ. ಹುಡುಗಿ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಕೊಚ್ಚಿಯಲ್ಲೇ ಬೆಳೆದವಳು, ಕನ್ನಡ ಮಾತಾಡುವಾಗ ಹೊಳೆ ದಾಟುವವರ ಹಾಗೆ ಕಲ್ಲಿನಿಂದ ಕಲ್ಲಿಗೆ ಹಾರುತ್ತಿದ್ದಳು. "ಆಂಟೀ, ಞಾನ್ ನುಣ ಪರಞ್ಞಿಲ್ಲ. ಸುಳ್ಳು ಹೇಳಿಲ್ಲ. ಆಫೀಸಲ್ಲಿ ಅಂಕಲ್ ಹೆಸರು ಕೇಳಿ, ಶಾಸ್ತ್ರಜ್ಞನ್ ಅಂತ ಮಾತ್ರ ಹೇಳಿದ್ದು. ಅಪ್ಪ ಜೋಯಿಸರು ಅಂತ ತಿಳ್ಕೊಂಡ್ರು, ನಾನು ತಿದ್ದಲಿಲ್ಲ. ಅಂಕಲ್ ಸೈಂಟಿಸ್ಟ್ ಅಲ್ವಾ? ಇದೆಲ್ಲ ಬೊಗಳೆ ಅಂತ ಒಂದು ಮಾತು ಹೇಳಿದ್ರೆ ಆಯ್ತು."

"ನೀನು ಅವನನ್ನು ನೋಡಿದ್ದೀಯಾ?" ಎಂದೆ.

"ಇಲ್ಲ."

"ಹಾಗಾದರೆ ನೋಡು" ಎಂದು ದೋಸೆಯ ಕಾವಲಿ ಇಟ್ಟೆ.

ಅನಂತ ಬಂದ. ಒಂದು ಕೈಯಲ್ಲಿ ಬಲ್ಬು, ಇನ್ನೊಂದರಲ್ಲಿ ಬ್ರೆಡ್ಡು, ಕಾಲಿಗೆ ಮೊಣಕಾಲು ಮುಚ್ಚದ ಚಡ್ಡಿ. ಕುಲಕರ್ಣಿಯವರು ಎದ್ದು ಕಾಲಿಗೆ ಬೀಳಲು ಹೋದರು. ಅವ ಬಲ್ಬು ಒಡೆಯದ ಹಾಗೆ ಹಿಂದೆ ಸರಿದು ವಿಷಯ ಕೇಳಿದ. ಕೇಳಿ, "ನಾನು ಜೋಯಿಸ ಅಲ್ಲ ಮಾರ್ರೆ, ರಾಕೆಟಿನವ. ನಿಮಗೆ ಯಾರೋ ತಪ್ಪು ಹೇಳಿದ್ದಾರೆ" ಎಂದ.

"ಏನ ಇದು ವಾಣಿ? ಶಾಸ್ತ್ರಜ್ಞ ಅಂದಿದ್ದಿಲ್ಲೇನ?"

"ಮಲಯಾಳದಲ್ಲಿ ಸೈಂಟಿಸ್ಟಿಗೆ ಹಾಗೇ ಹೇಳೋದು ಅಪ್ಪಾ."

"ಹತ್ತೊಂಬತ್ತ ವರ್ಷ ಆತು ನಾ ಕೇರಳಕ್ಕ ಬಂದು! ನನಗ ಗೊತ್ತಿಲ್ಲೇನು?"

"ಗೊತ್ತಿಲ್ಲ ಅಪ್ಪಾ" ಎಂದಳು ಅವಳು. ಸತ್ಯವನ್ನೇ ಹೇಳಿದಳು.

ಅನಸೂಯಮ್ಮ ಚೀಲ ಎತ್ತಿಕೊಂಡು ನಿಂತರು. "ನನಗಿರೋದು ಒಬ್ಬನೇ ಮಗ ಕಣ್ರೀ. ನೀವೆಲ್ಲ ಸೇರಿ ತಮಾಷೆ ಮಾಡ್ತಿದೀರಾ?" ಎಂದರು. ಚೀಲವನ್ನು ಎದೆಗೆ ಅವುಚಿಕೊಂಡಿದ್ದರು. ಅದು ಸಿಟ್ಟಲ್ಲ, ಹೆದರಿಕೆ. ನನಗೆ ಎರಡರ ವ್ಯತ್ಯಾಸ ಗೊತ್ತು. "ರೈಲು ಇರುವುದು ಮೂರು ಗಂಟೆಗೆ. ದೋಸೆ ಕಾವಲಿಯ ಮೇಲುಂಟು. ತಿಂದು ಆಮೇಲೆ ಸಿಟ್ಟು ಮಾಡಿ" ಎಂದೆ. ಹಸಿದಿದ್ದರು. ಕೂತರು.

ನಾಲ್ಕನೇ ದೋಸೆಗೆ ವಾಣಿ ತಡೆಯಲಾರದೆ ಹೇಳಿದಳು: "ಅಂಕಲ್, ಇದೆಲ್ಲ ಸುಳ್ಳು ಅಂತ ಹೇಳಿ ಪ್ಲೀಸ್." ಅನಂತ ಕೈ ತೊಳೆದು ಬಂದು, "ಸುಳ್ಳು ಅಂತ ಹೇಳ್ಲಿಕ್ಕೆ ನಾನು ಪರೀಕ್ಷೆ ಮಾಡಿ ನೋಡಿಲ್ಲವಲ್ಲ" ಎಂದ. "ಕುಜ ಆ ಹೊತ್ತಿಗೆ ಎಲ್ಲಿದ್ದ ಅಂತ ಹೇಳಬಹುದು. ಅವ ಏನು ಮಾಡ್ತಾನೆ ಅಂತ ಹೇಳ್ಲಿಕ್ಕೆ ನನಗೆ ಬರುವುದಿಲ್ಲ." ಜಾತಕ ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತ. ಅನಸೂಯಮ್ಮ ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಪಂಚಾಂಗಕ್ಕಿಂತ ಇದು ಹೆಚ್ಚು ಬೆಳಗುತ್ತದೆಂದು ಅವರಿಗೆ ಸ್ವಲ್ಪ ನಂಬಿಕೆ ಬಂದ ಹಾಗಿತ್ತು. ಅರ್ಧ ಗಂಟೆಯ ಮೇಲೆ ಅವ ತಿರುಗಿ, "ಜೋಯಿಸರ ಲೆಕ್ಕ ಸರಿ ಉಂಟು. ಎಂಟರಲ್ಲೇ ಇದ್ದಾನೆ" ಎಂದ.

ವಾಣಿಯ ಮುಖ ಬಿಳಿಚಿಕೊಂಡಿತು. ನನಗೆ ಸೌಟಿನಲ್ಲಿ ಅವನ ತಲೆಗೆ ಒಂದು ಕೊಡುವಾ ಎಂದು ಅನ್ನಿಸಿತು. ಹೊರಗಿನ ಜೋಯಿಸ ಹಾಳು ಮಾಡಿದ್ದನ್ನು ಸರಿ ಮಾಡಲು ಬಂದರೆ ಇವ ಮೊಹರು ಒತ್ತಿ ಕೊಡುತ್ತಾನೆ! ಅಷ್ಟರಲ್ಲಿ ಅವನೇ, "ಆದರೆ ತೀರ ಅಂಚಿನಲ್ಲಿ ಉಂಟು. ಹತ್ತು ನಿಮಿಷ ಮೊದಲು ಹುಟ್ಟಿದ್ದರೆ ಕುಜ ಒಂಬತ್ತಕ್ಕೆ ಬೀಳ್ತಾನೆ, ನಿಮ್ಮ ಲೆಕ್ಕದಲ್ಲಿ ದೋಷ ಇಲ್ಲ. ಸಮಯ ನೋಡಿದ್ದು ಯಾವ ಗಡಿಯಾರದಲ್ಲಿ?" ಎಂದ.

"ನಮ್ಮ ಮಾವನ ಮನಿ ಗಡಿಯಾರ್ರೀ" ಎಂದರು ಕುಲಕರ್ಣಿ. "ಬಂಗಾರದಂಥಾ ಗಡಿಯಾರ. ಎಲ್ಲಾರೂ ಲಗೂ ಏಳಲಿ ಅಂತ ಯಾವಾಗಲೂ ಹತ್ತ ಮಿನಿಟ ಮುಂದ ಇಡತಿದ್ರು..." ಎಂದವರು ಬಾಯಿ ತೆರೆದೇ ನಿಂತರು.

"ಬರೆದವರು ಆ ಹತ್ತು ಕಳೆದು ಬರೆದರಾ, ಹಾಗೇ ಬರೆದರಾ?"

"ಬರದಾಂವ ಸತ್ತಾನ್ರಿ."

"ಹಾಗಾದರೆ ಗೊತ್ತಿಲ್ಲ" ಎಂದ ಅನಂತ. ಅದನ್ನು ಅವ ಹೇಳುವಾಗ ಮುಖದಲ್ಲಿ ಒಂದು ನೆಮ್ಮದಿ. ಅನಸೂಯಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಕಳೆದೇ ಬರೆದಿರ್ತಾರೆ. ಮಗುವಿನ ಹಣೆಬರಹ ಅದು. ಹಿರಿಯರು ಜಾತಕಕ್ಕೆ ಸುಳ್ಳು ಹೊತ್ತು ಬರೆಸ್ತಾರಾ? ಅಂಥವರನ್ನ ನಾನಂತೂ ನೋಡಿಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋಗಬಹುದಿತ್ತು. ಆ ಹುಡುಗಿ ಸೆರಗಿಲ್ಲದ ಚೂಡಿದಾರದ ವೇಲನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿ ಮಾಡಿಕೊಂಡಿದ್ದಳು. "ಈಗ ನೋಡಿ. ನಾನು ಬರೆಸಿದ್ದೇನೆ" ಎಂದೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು, ಎಲ್ಲರೂ ಸತ್ತ ಮೇಲೂ ಹೇಳದೆ ಉಳಿದದ್ದು. ಅನಂತ ಹುಟ್ಟುವಾಗ ನನಗೆ ಒಂಬತ್ತು ವರ್ಷ. ಕುಂಬಳೆಯ ಮನೆಯಲ್ಲಿ ಗಡಿಯಾರ ಇರಲಿಲ್ಲ. ಮಂಗಳೂರಿನ ಸಂಜೆಯ ರೈಲೇ ನಮ್ಮ ಗಡಿಯಾರ. ಅಮ್ಮ ಒಳಗೆ ನರಳುತ್ತಿದ್ದಳು, ಬಿಸಿನೀರಿನ ಹೊಗೆ ಅಂಗಳಕ್ಕೆಲ್ಲ ಹಬ್ಬಿತ್ತು. ಅಪ್ಪ ನನ್ನನ್ನು ಬೇಲಿಯ ಹತ್ತಿರ ನಿಲ್ಲಿಸಿ, ಗಾಡಿ ಕೂಗುವುದನ್ನು ಕೇಳಿ ಹೇಳು ಎಂದಿದ್ದರು. ನಾನು ನಿಲ್ಲದೆ ಪೇರಳೆ ಮರ ಹತ್ತಿದೆ. ಕೆಂಪಿರುವೆ ಕಚ್ಚಿ, ಅವುಗಳ ಜೊತೆ ಜಗಳದಲ್ಲಿದ್ದೆ. ಮಗು ಅತ್ತಿತು. ಅಪ್ಪ ಓಡಿ ಬಂದು "ಗಾಡಿ ಹೋಯ್ತಾ?" ಎಂದರು. ಪೆಟ್ಟಿನ ಹೆದರಿಕೆಗೆ "ಈಗಷ್ಟೇ ಹೋಯ್ತು" ಎಂದೆ. ಅವರು ಕನ್ನಡಕ ಹುಡುಕಿ ಬರೆಯುತ್ತಿದ್ದಾಗ ಗಾಡಿ ಕೂಗಿತು. "ಅದೆಂತದು?" ಎಂದರು. "ಗೂಡ್ಸು" ಎಂದೆ. ಆ ಹೊತ್ತಿನ ಮೇಲೆ ಜೋಯಿಸರು ಜಾತಕ ಕಟ್ಟಿದರು. ಎಂಟರಲ್ಲಿ ಕುಜ. ಎರ್ನಾಕುಲದಲ್ಲಿ ಒಬ್ಬ ವಕೀಲರ ಮಗಳಿದ್ದಳು, ನಮ್ಮ ಕಾಸರಗೋಡಿನವಳೇ. ಅನಂತನಿಗೆ ಅವಳ ಮೇಲೆ ಮನಸ್ಸಿತ್ತು, ಅವಳಿಗೂ ಇತ್ತು. ಜಾತಕ ಅಂಚೆಯಲ್ಲಿ ಹಿಂದೆ ಬಂತು. ಅವ ಅದನ್ನು ಪೆಟ್ಟಿಗೆಗೆ ಹಾಕಿದವನು ಮತ್ತೆ ಮದುವೆಯ ಮಾತು ಎತ್ತಲಿಲ್ಲ.

ಇದನ್ನೆಲ್ಲ ನಾನು ಆ ಮೂವರ ಮುಂದೆ, ಅವನ ಮುಂದೆ, ನಿಂತುಕೊಂಡೇ ಹೇಳಿದೆ. ಅವ ಕಿಟಕಿಯ ಕಡೆ ತಿರುಗಿ ಫಿಲೋಮಿನಾಳ ಅಂಗಳ ನೋಡಿದ. ಆಮೇಲೆ ಆಫೀಸಿನ ಸ್ವರದಲ್ಲಿ, "ಕೇಳಿದ್ರಲ್ಲ. ಬರೆದ ಸಮಯ ಅಂದ್ರೆ ಇಷ್ಟೇ" ಎಂದ.

ಅನಸೂಯಮ್ಮ ನನ್ನನ್ನೇ ನೋಡಿದರು. "ನಿಮ್ಮದು ಎಷ್ಟು ಗುಣ ಕೂಡಿತ್ತು?"

"ಮೂವತ್ತಾರರಲ್ಲಿ ಮೂವತ್ತೆರಡು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾಲ್ಕು ವರ್ಷಕ್ಕೆ ಹೋದರು."

"ನಮ್ಮದು ಮೂವತ್ತು. ಹನ್ನೊಂದು ವರ್ಷ."

"ನಿಮ್ಮದೇ ವಾಸಿ" ಎಂದೆ. ಅವರಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಆಯ್ತು. ಗೊತ್ತಿಲ್ಲದ್ದಕ್ಕೆ ಎಷ್ಟು ದಿನ ಅಂತ ಹೆದರಲಿ, ಮದುವೆ ಮಾಡಿಬಿಡೋಣ" ಎಂದರು. "ಆದ್ರೆ ಶಾಸ್ತ್ರಕ್ಕೆ ಏನಾದ್ರೂ ಬರೆದು ಕೊಡಿ ಸ್ವಾಮಿ." ಅನಂತ ಬರೆದು ಕೊಟ್ಟ: ಜನನ ಸಮಯದಲ್ಲಿ ಹತ್ತು ನಿಮಿಷದ ಅನುಮಾನವಿದೆ, ಕುಜ ಎಂಟರಲ್ಲೋ ಒಂಬತ್ತರಲ್ಲೋ ಹೇಳಲಾಗದು. ಕೆಳಗೆ ಸಹಿ. ಅನಸೂಯಮ್ಮ ಅದಕ್ಕೆ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಚೀಲದಲ್ಲಿ ಇಟ್ಟುಕೊಂಡರು.

ವಾಣಿಯ ಗಂಡ ಈಗಲೂ ಗಟ್ಟಿಯಾಗಿದ್ದಾನೆ, ಹೊಟ್ಟೆ ಬಂದಿದೆ. ಅನಂತ ಇದ್ದಿದ್ದರೆ, ಒಂದು ತುತ್ತಿನಿಂದ ಏನೂ ಸಿದ್ಧವಾಗುವುದಿಲ್ಲ ಎನ್ನುತ್ತಿದ್ದ. ಅವ ಹೋಗಿ ಒಂಬತ್ತು ವರ್ಷ. ತುಂಬದ ಮನೆಯನ್ನು ಕೆಡವಿ ಯಾರೋ ಮೂರು ಮಾಳಿಗೆ ಎಬ್ಬಿಸಿದ್ದಾರಂತೆ. ಫಿಲೋಮಿನಾಳೂ ಇಲ್ಲ. ಆ ಸಂಜೆ ಅವರೆಲ್ಲ ಹೋದ ಮೇಲೆ ಅವ ತಂದ ಬಲ್ಬನ್ನು ಹಾಕಲು ಸ್ಟೂಲು ಹತ್ತಿದ. ನಾನು ಸ್ಟೂಲು ಹಿಡಿದುಕೊಂಡಿದ್ದೆ. ಮೇಲಿನಿಂದಲೇ ಕೇಳಿದ: "ಯಾಕೆ ಹೇಳ್ಲಿಲ್ಲ ಅಕ್ಕ?"

"ಮೊದಲು ಹೆದರಿಕೆ. ಆಮೇಲೆ ಅಭ್ಯಾಸ. ನಿನಗೆ ಮದುವೆ ಆದರೆ ನನಗೆ ಅಡುಗೆಮನೆ ಇಲ್ಲ ಅಂತಲೂ ಒಂದು ಇತ್ತು."

ಬಲ್ಬು ತಿರುಗಿಸುತ್ತಾ ಇದ್ದ. "ಅವಳ ಅಪ್ಪ ಬೇಡ ಅಂದದ್ದಕ್ಕೆ ನಾನು ಬಿಟ್ಟದ್ದಲ್ಲ" ಎಂದ. "ಅವಳು ಬರ್ತೇನೆ ಅಂದಿದ್ದಳು. ನಾನು ನಂಬಿದವ ಅಲ್ಲ, ನಿನಗೆ ಗೊತ್ತುಂಟು. ಆದರೂ ಅವಳ ಜೀವದ ಮೇಲೆ ಪರೀಕ್ಷೆ ಮಾಡಿ ನೋಡುವ ಧೈರ್ಯ ಆಗ್ಲಿಲ್ಲ." ಬಲ್ಬು ಹತ್ತಿತು. ಇಬ್ಬರಿಗೂ ಕಣ್ಣು ಕುಕ್ಕಿತು. "ಎಷ್ಟು ಹೊತ್ತು ಮೊದಲು ಹುಟ್ಟಿದ್ದು ನಾನು?" ಎಂದು ಕೇಳಿದ.

"ಗೊತ್ತಿಲ್ಲ. ಅಪ್ಪನಿಗೆ ಕನ್ನಡಕ ಸಿಗುವಷ್ಟು ಹೊತ್ತು. ಆ ದಿನ ಗಾಡಿಯೇ ತಡವೋ ಏನೋ, ಅದೂ ಗೊತ್ತಿಲ್ಲ."

"ನೀನೂ ಕಲಿತಿ ಹಾಗಾದರೆ" ಎಂದು ಸ್ಟೂಲಿನಿಂದ ಇಳಿದ. ನಕ್ಕನೋ ಇಲ್ಲವೋ, ನಾನು ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಮಿಂದು, ಎಂದಿನ ಹಾಗೆ ಅವನ ಹೆಸರಿನಲ್ಲಿ ಪುಷ್ಪಾಂಜಲಿ ಮಾಡಿಸಲು ದೇವಸ್ಥಾನಕ್ಕೆ ಹೋದೆ. ಅಲ್ಲಿ ಹೆಸರು ಮತ್ತು ಹುಟ್ಟಿದ ನಕ್ಷತ್ರ ಹೇಳಬೇಕು. ನಕ್ಷತ್ರಕ್ಕೆ ಅವರು ನಾಳ್ ಎನ್ನುತ್ತಾರೆ. ಅರ್ಚಕರು, ಅಲ್ಲಿಯವರ ತಿರುಮೇನಿ, ಕಣ್ಣು ಎತ್ತದೆ ಕೇಳಿದರು, "ಪೇರ್?"

"ಅನಂತ."

"ನಾಳ್?" ಕೇಳಿ, ಉತ್ತರಕ್ಕೆ ಕಾಯದೆ ಅವರೇ "ಆಯಿಲ್ಯಂ" ಎಂದರು, ನಮ್ಮ ಆಶ್ಲೇಷಾ. ಅಷ್ಟು ವರ್ಷ ನನ್ನ ಬಾಯಿಂದ ಕೇಳಿ ಅವರಿಗೆ ಪಾಠವಾಗಿತ್ತು.

"ಅಲ್ಲ. ಅರಿಯಿಲ್ಲ" ಎಂದೆ. ಗೊತ್ತಿಲ್ಲ. ಅಷ್ಟು ಹೊತ್ತಿಗೆ ನಕ್ಷತ್ರ ಬದಲಾಗುವುದೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಅವರು ತಲೆ ಎತ್ತಿದರು. "ನಾಳ್ ಇಲ್ಲಾದೆ ಎಙ್ಙನೆಯಾ ಅಮ್ಮೇ?" ನಕ್ಷತ್ರ ಇಲ್ಲದೆ ಹೇಗೆ ಎಂದು.

"ಯಾರಿಗೆ ಅಂತ ಒಳಗಿರುವವನಿಗೆ ಗೊತ್ತುಂಟು" ಎಂದೆ, ಕನ್ನಡದಲ್ಲೇ. "ನೀವು ಹೂ ಹಾಕಿ."