ಅತ್ತೆ ಬರೆದ ಐದು ವಾಕ್ಯಗಳು

ಮೊನ್ನೆ ಎಂಟನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ‘ಟೇಕ್ ಯುವರ್ ಸೀಟ್’ ಎಂಬುದಕ್ಕೆ ಹುಡುಗಿಯೊಬ್ಬಳು ‘ನಿನ್ನ ಕುರ್ಚಿಯನ್ನು ತೆಗೆದುಕೊಂಡು ಹೋಗು’ ಎಂದು ಅರ್ಥ ಬರೆದಿದ್ದಳು. ನಗು ಬಂತು. ನಗುತ್ತಲೇ ಹೊಂಬಳದ ಗಿರಿಜತ್ತೆ ನೆನಪಾದಳು.

ನೋಡಿ, ಈ ‘ಟೇಕ್’ನಷ್ಟು ಬೆರಕಿ ಕ್ರಿಯಾಪದ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ. ಗುಳಿಗೆ ನುಂಗುವುದೂ ಅದೇ, ಫೋಟೋ ತೆಗೆಯುವುದೂ ಅದೇ, ಬಸ್ಸು ಹಿಡಿಯುವುದೂ ಅದೇ. ಹದಿನೈದು ವರ್ಷ ಕಲಿಸಿದರೂ ನನಗೇ ಅದು ಪೂರ್ತಿ ಪಳಗಿಲ್ಲ.

ಗಿರಿಜತ್ತೆ ನಮ್ಮಪ್ಪನ ತಂಗಿ. ಐವತ್ತು ದಾಟಿದ ಮೇಲೆ ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆಗೆ ಕಟ್ಟಿದಳು. ಉಳಿದೆಲ್ಲ ಪಾಸು, ಇಂಗ್ಲಿಷು ಮಾತ್ರ ಎರಡು ಸಲ ಫೇಲು. ಹೀಗಾಗಿ ನಾನು ಪ್ರತಿ ರವಿವಾರ ಬೆಟಗೇರಿಯಿಂದ ಅವಳ ಮನೆಗೆ ಹೋಗಿ ಪಾಠ ಹೇಳುವುದೆಂದಾಯಿತು. ಮಾಸ್ತರನ ಗತ್ತು ಬಿಡುತ್ತದೆಯೇ? “‘ಟೇಕ್’ ಹಾಕಿ ಐದು ವಾಕ್ಯ ಬರಿ ಅತ್ತಿ. ನಿನ್ನ ಜೀವನದ್ದ ಬರಿ,” ಎಂದು ಹೇಳಿ, ಅವಳು ಕೊಟ್ಟ ಚಹಾ ಹಿಡಿದು ಕಟ್ಟೆಯ ಮೇಲೆ ಕುಳಿತೆ.

ಮೊದಲ ಮೂರು ವಾಕ್ಯ ಎಮ್ಮೆ, ಬಸ್ಸು, ಗುಳಿಗೆಗಳವು. ನಾಲ್ಕನೆಯದು: ‘ಮೈ ಬ್ರದರ್ ಟುಕ್ ಮಿ ಫ್ರಂ ಸ್ಕೂಲ್.’ ಐದನೆಯದು: ‘ಐ ಟುಕ್ ಹಿಸ್ ಬೇಬಿ.’

“‘ಫ್ರಂ’ ಅಲ್ಲ, ‘ಔಟ್ ಆಫ್’,” ಎಂದು ಕೆಂಪು ಗೆರೆ ಎಳೆದೆ. ಎಳೆದ ಮೇಲೆ ಕೈ ನಿಂತಿತು. ಅವಳಿಗೆ ಇರುವವರು ಒಬ್ಬರೇ ಅಣ್ಣ, ನಮ್ಮಪ್ಪ. ಗಿರಿಜಾಳಿಗೆ ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಶಾಲೆ ಬಿಟ್ಟಳು ಎಂದೇ ನಾನು ಸಣ್ಣಂದಿನಿಂದ ಕೇಳಿದ್ದೆ.

“ಈ ಕೂಸು ಯಾವುದತ್ತಿ?”

“ನೀನ. ಬಾಣಂತ್ಯಾಗ ನಿಮ್ಮವ್ವ ಹಾಸಿಗಿ ಹಿಡಿದಿದ್ಲು. ನಿನ್ನ ನೋಡಾಕ ಯಾರರ ಬೇಕಾಗಿತ್ತಲ್ಲ? ಎಂಟನೇತ್ತೆ ಸಾಲಿ ಅರ್ಧಕ್ಕ ಬಿಡಿಸಿದ್ರು.”

“ನಿನಗ ಬಾಳ ಕೆಟ್ಟನಿಸಿತೇನ?”

“ಹುಂ. ನಾಕು ದಿನ ಅಳಕೋತ ಕುಂತಿದ್ದೆ. ನೀನೂ ಅಳ್ತಿದ್ದಿ. ನಿನ್ನ ಸುಮ್ಮನ ಮಾಡೂದ್ರಾಗ ನಂದು ಮರ್ತು ಹೋತು,” ಎಂದು ನನ್ನ ಬೆನ್ನು ಸವರಿದಳು. “ಆತು, ಮುಂದಿನ ಪಾಠ ಹೇಳು.”

ಅಂದು ನನ್ನಿಂದ ಪಾಠ ಹೇಳಲಾಗಲಿಲ್ಲ. ಮನೆಗೆ ಬಂದು ಅಪ್ಪನ ಮುಂದೆ ಆ ನೋಟುಬುಕ್ಕಿನ ಮಾತು ತೆಗೆದೆ. “ಓದು ಹತ್ತಲಿಲ್ಲಂತ ನಾನ ಎಲ್ಲಾರಿಗೂ ಹೇಳಿದ್ದೆ. ಖರೆ ಹೇಳಾಕ ನಾಚಿಕಿ ಬಂತು. ವರ್ಗಕ್ಕ ಅಕಿನ ಶಾಣ್ಯಾಕಿದ್ಲು,” ಅಂದರು.

ಪರೀಕ್ಷೆಯ ದಿನ ಅಪ್ಪ, ಬೇಡವೆಂದರೂ ಕೇಳದೆ, ನಮ್ಮ ಜೊತೆ ಗದಗಿನ ಪರೀಕ್ಷಾ ಕೇಂದ್ರಕ್ಕೆ ಬಂದರು.

“ಬಿಸಲ ಐತಿ ಅಣ್ಣ, ಮನಿಗೆ ಹೋಗು,” ಎಂದಳು ಅತ್ತೆ.

“ನೀ ಬರೂತನಕ ಇಲ್ಲೇ ಕುಂಡ್ರತೇನಿ. ನೀ ಒಳಗ ನಡಿ, ಗಿರಿಜಾ.”

ಮೂರು ತಾಸು ಅವರು ಬೇವಿನ ಮರದ ಬುಡದಿಂದ ಏಳಲಿಲ್ಲ. ಅತ್ತೆ ನಲವತ್ತೊಂದು ಅಂಕ ತೆಗೆದು ಪಾಸಾದಳು.

ಈಗ ಪಿಯುಸಿಗೆ ಕಟ್ಟಿದ್ದಾಳೆ. ರವಿವಾರ ಅಪ್ಪನೂ ನನ್ನೊಡನೆ ಹೊಂಬಳಕ್ಕೆ ಬರುತ್ತಾರೆ. ಪಾಠ ಮುಗಿಯುವವರೆಗೆ ಎಮ್ಮೆಗೆ ನೀರು ಕುಡಿಸಿ, ಮೇವು ಹಾಕಿ, ತಾವೇ ಚಹಾ ಮಾಡಿ ತಂಗಿಯ ಮುಂದೆ ತಂದಿಡುತ್ತಾರೆ. ಸಕ್ಕರೆ ವಿಪರೀತ. ಅತ್ತೆ ಪುಸ್ತಕದಿಂದ ತಲೆ ಎತ್ತದೆ ಪೂರ್ತಿ ಕುಡಿಯುತ್ತಾಳೆ.