ಮೈಕಕ್ಕ ಪರೀಕ್ಷೆ ಬರೆದದ್ದು

ಟೈರ್ ಅಂಗಡಿಯ ಮೇಲಿನ ಕೋಣೆಗೆ ಹತ್ತುವ ಕಬ್ಬಿಣದ ಮೆಟ್ಟಿಲು ಯಾರು ಕಾಲಿಟ್ಟರೂ ಕಿರ್ರೋ ಎನ್ನುತ್ತಿತ್ತು. ಹಾಗಾಗಿ ಮೈಕಕ್ಕನಿಗೆ ಗೊತ್ತಾಗದೆ ಯಾರೂ ಅಲ್ಲಿಗೆ ನುಸುಳುವಂತಿರಲಿಲ್ಲ. ಕೋಣೆಯಲ್ಲಿದ್ದದ್ದು ಒಂದು ಮೇಜು, ಎರಡು ಫೋನು, ಒಂದು ವೈರ್‌ಲೆಸ್ ಸೆಟ್ಟು, ಗೋಡೆಯ ತುಂಬ ಊರಿನ ನಕ್ಷೆ. ಟ್ಯಾಕ್ಸಿ ಬೇಕಾದವರು ಫೋನ್ ಮಾಡುತ್ತಿದ್ದರು. ಅವಳು ಮೈಕ್ ಹಿಡಿದು, ಯಾವ ಡ್ರೈವರ್ ಹತ್ತಿರದಲ್ಲಿದ್ದಾನೋ ಅವನನ್ನು ಅಟ್ಟುತ್ತಿದ್ದಳು. ಶಾಲೆಯಲ್ಲಿ ಲೆಕ್ಕವೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿ. ಆದರೆ ಹನ್ನೆರಡನೇ ತರಗತಿ ಮುಗಿಯುವ ಹೊತ್ತಿಗೆ ಅಪ್ಪ ತೀರಿಕೊಂಡು, ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಅಮ್ಮನ ಜೊತೆ ತಾನೂ ಸಂಸಾರಕ್ಕೆ ಹೆಗಲು ಕೊಡಬೇಕಾಗಿ ಬಂದು, ಆ ಕುರ್ಚಿಯಲ್ಲಿ ಬಂದು ಕೂತಳು. ಆಗಿನಿಂದ ಅವಳಿಗಿಂತ ದೊಡ್ಡ ಡ್ರೈವರುಗಳೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅವಳ ಕೆಲಸದ ಚುರುಕು ಎಂಥದ್ದೆಂದರೆ, ಫೋನಿನಲ್ಲಿ ಯಾರಾದರೂ "ನಾವು ಹಳೇ ಸೇತುವೆ ಹತ್ರ..." ಎನ್ನುವಷ್ಟರಲ್ಲೇ ಅರ್ಧ ಮಾತು ಕತ್ತರಿಸಿ "ಗೊತ್ತಾಯ್ತು, ಗಾಡಿ ಹೊರಟಿದೆ" ಎಂದು ಇಟ್ಟುಬಿಡುತ್ತಿದ್ದಳು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಹತ್ತನೆಯ ಸಲ, ಸೇತುವೆಯ ಆಚೆ ದಡದಲ್ಲಿ ಪಾಪ ಯಾರೋ ಪೆಟ್ಟಿಗೆ ಹಿಡಿದು ನಿಂತಿರುತ್ತಿದ್ದರು.

ಕಥೆ ಶುರುವಾದದ್ದು ಮೀಸೆ ಮಾವನಿಂದ. ಸ್ಟ್ಯಾಂಡಿನ ಹಿರಿಯ ಡ್ರೈವರ್ ಅವನು. ಮೂಗಿನ ಕೆಳಗೆ ಪೊದೆಯಂಥ ಮೀಸೆ, ಮಂಡಿಯಲ್ಲಿ ಸದಾ ನೋವು. ಒಂದು ಬೆಳಿಗ್ಗೆ ಮೆಟ್ಟಿಲನ್ನು ಶಪಿಸುತ್ತಾ ಹತ್ತಿ ಬಂದು, ಬಾಗಿಲಲ್ಲಿ ನಿಂತ.

"ಮಗಳೇ, ಒಂದ್ನಿಮಿಷ ಕೆಳಗೆ ಬಾ. ಎರಡು ದಿನದಿಂದ ಹಿಂದೆ ಬರೋ ಗಾಡಿಯವರೆಲ್ಲ ನನ್ನ ನೋಡಿ ಹಲ್ಲು ಕಿರೀತಾರೆ. ಯಾಕೆ ಅಂತ ಗೊತ್ತಾಗ್ತಿಲ್ಲ."

ಕೆಳಗೆ ಹೋಗಿ ನೋಡಿದರೆ, ಟ್ಯಾಕ್ಸಿಯ ಹಿಂದಿನ ಗಾಜಿಗೆ ಯಾವುದೋ ಕಾಲೇಜಿನ ಜಾಹೀರಾತು ತಲೆಕೆಳಗಾಗಿ ಅಂಟಿಕೊಂಡಿತ್ತು. ಅದರಲ್ಲಿ ಟೋಪಿ ಹಾಕಿಕೊಂಡು ನಗುತ್ತಿದ್ದ ಹುಡುಗಿ ಬಾವಲಿಯ ಹಾಗೆ ನೇತಾಡುತ್ತಿದ್ದಳು. ಮೈಕಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕತ್ತು ಓರೆ ಮಾಡಿ ಓದತೊಡಗಿದಳು. ಓದುತ್ತಾ ಓದುತ್ತಾ ಅವಳ ನಗು ನಿಂತುಹೋಯಿತು. ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕಟ್‌ಆಫ್ ದಾಟಿದವರಿಗೆ ಮೆರಿಟ್ ಸ್ಕಾಲರ್‌ಶಿಪ್, ಪದವಿಯ ಪೂರ್ತಿ ಫೀಸು ಮಾಫಿ. ಕೊನೆಯ ಸಾಲು: ವಯಸ್ಸಿನ ಮಿತಿ ಇಲ್ಲ.

"ಏನಂತೆ?" ಎಂದ ಮಾವ.

"ಏನಿಲ್ಲ ಮಾವ. ಇದನ್ನ ಕಿತ್ತು ಸರಿಯಾಗಿ ಅಂಟಿಸೋಣ." ಬಾಯಿ ಹಾಗೆಂದರೂ ಎದೆ ಆಗಲೇ ಡವಗುಟ್ಟಲು ಶುರುವಾಗಿತ್ತು.

ಅಂದು ಸಂಜೆ ಮನೆಗೆ ಹೋದವಳೇ, ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ವಿಷಯ ಹೇಳಿದಳು. ಅಮ್ಮ ಮಾತಿಗೆ ಆತುರಪಡುವವಳಲ್ಲ. ದಿನವಿಡೀ ಬಿಸಿ ಹಬೆಯಲ್ಲಿ ಹಾಸಿಗೆ ಬಟ್ಟೆ ಮಡಚಿ ಮಡಚಿ, ಮಾತನ್ನೂ ಅಂಚಿಗೆ ಅಂಚು ಕೂಡಿಸಿಯೇ ಆಡುತ್ತಿದ್ದಳು.

"ಲೆಕ್ಕ ಮರೆತಿಲ್ವಾ?" ಎಂದಳು.

"ಸ್ವಲ್ಪ ತುಕ್ಕು ಹಿಡಿದಿರ್ಬೋದು."

"ಹಂಗಿದ್ರೆ ಉಜ್ಜು."

ಅಷ್ಟೇ ಅನುಮತಿ. ಮೈಕಕ್ಕ ಉಜ್ಜಿದಳು. ಫೋನು ಸುಮ್ಮನಿರುವ ಮಧ್ಯಾಹ್ನಗಳಲ್ಲಿ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆಗಳು ಹರಡಿಕೊಂಡವು. ಶೇಕಡಾವಾರು, ಅನುಪಾತ, ವೇಗ ಮತ್ತು ದೂರ — ಇವೆಲ್ಲ ಹಳೆಯ ಗೆಳತಿಯರ ಹಾಗೆ ಒಬ್ಬೊಬ್ಬರಾಗಿ ಮುಖ ತೋರಿಸಿದವು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲದಷ್ಟು ಹುರುಪು. ಪರೀಕ್ಷೆಯನ್ನು ಎಲ್ಲರಿಗಿಂತ ಮುಂಚೆ ಮುಗಿಸಿ, ಪೆನ್ನಿನ ಮುಚ್ಚಳ ಟಕ್ಕೆನಿಸಿ ಎದ್ದು ಬಂದಳು.

ಫಲಿತಾಂಶ ಬಂದಾಗ ಕಟ್‌ಆಫ್‌ಗೆ ಎರಡೇ ಎರಡು ಅಂಕ ಕಡಿಮೆ.

ಅಂದು ಸ್ಟ್ಯಾಂಡಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ವೈರ್‌ಲೆಸ್ಸಿನಲ್ಲಿ ಎಲ್ಲರೂ ಕಾಯಿಲೆಯವರ ಮನೆಯಲ್ಲಿ ಮಾತಾಡುವಂತೆ ತಗ್ಗಿದ ದನಿಯಲ್ಲಿ ಮಾತಾಡಿದರು. ಮೈಕಕ್ಕ ಮುಖ ಗಂಟಿಕ್ಕಿಕೊಂಡು ಮನೆಗೆ ಬಂದು, ತಪ್ಪಾದವಕ್ಕೆ ಗುರುತು ಹಾಕಿದ ಪ್ರಶ್ನೆಪತ್ರಿಕೆಯನ್ನು ಅಮ್ಮನ ಮುಂದೆ ಒಗೆದಳು.

"ಲೆಕ್ಕ ಎಲ್ಲ ಸರಿ ಅಮ್ಮ. ಭಾಷೆ, ತರ್ಕ, ಅಲ್ಲೇ ಹೋಗಿರೋದು. ಯಾಕೆ ತಪ್ಪಾಯ್ತು ಅಂತಾನೇ ತಿಳೀತಿಲ್ಲ."

ಅಮ್ಮ ಕನ್ನಡಕ ಏರಿಸಿಕೊಂಡು, ತಪ್ಪಾದ ಪ್ರಶ್ನೆಗಳನ್ನು ಒಂದೊಂದಾಗಿ, ಮಗು ಓದುವ ಹಾಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ಕೆಳಗಿನವುಗಳಲ್ಲಿ ಯಾವುದು ಲೇಖಕರ ಅಭಿಪ್ರಾಯವಲ್ಲ. ಈ ವಾಕ್ಯದಿಂದ ಯಾವ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ. ಗುಂಪಿಗೆ ಯಾವುದು ಸೇರುವುದಿಲ್ಲ." ಓದಿ ಮುಗಿಸಿ ಮಗಳ ಮುಖ ನೋಡಿದಳು.

"ಎಲ್ಲದರ ಬಾಲದಲ್ಲೂ ಒಂದು 'ಅಲ್ಲ', ಒಂದು 'ಇಲ್ಲ' ಇದೆ ಕಣೆ. ನೀನು ಬಾಲ ಬರೋವರೆಗೂ ಕಾಯೋದೇ ಇಲ್ಲ. ನಾನು 'ಊಟ ಮಾಡ...' ಅಂದ್ರೆ ಸಾಕು, 'ಮಾಡ್ತೀನಿ' ಅಂತೀಯ. 'ಊಟ ಮಾಡಬೇಡ, ಇನ್ನೂ ಬೆಂದಿಲ್ಲ' ಅಂತ ಹೇಳೋಕೆ ಹೊರಟಿದ್ದೆ ನಾನು."

ಮೈಕಕ್ಕ ಪತ್ರಿಕೆ ಎಳೆದುಕೊಂಡು ಆ ಬಾಲಗಳನ್ನು ತಾನೇ ಓದಿ ನೋಡಿದಳು. ಆಮೇಲೆ ನಗು ಬಂತು. ಅಮ್ಮನಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಎರಡು ಅಂಕ ಎಲ್ಲಿ ಅಡಗಿ ಕೂತಿವೆ ಎಂದು ಗೊತ್ತಾದ ಮೇಲೆ ಅಳುವುದೇಕೆ? ಮುಂದಿನ ಸುತ್ತಿನ ಪರೀಕ್ಷೆಗೆ ಅವಳು ಮರುದಿನವೇ ಹೆಸರು ಕೊಟ್ಟಳು.

ವಿಷಯ ಮೀಸೆ ಮಾವನ ಕಿವಿಗೆ ಬಿತ್ತು. ಅಂದಮೇಲೆ ಇಡೀ ಸ್ಟ್ಯಾಂಡಿಗೆ ಗೊತ್ತಾಯಿತು. ಆಗ ಶುರುವಾಯಿತು ನೋಡಿ ಡ್ರೈವರುಗಳ ಪಾಠ. ಕೆಲಸವಿಲ್ಲದ ಹೊತ್ತಿನಲ್ಲಿ ವೈರ್‌ಲೆಸ್ ಗುರ್ರೆನ್ನುತ್ತಿತ್ತು.

"ಅಕ್ಕ, ಪ್ರಶ್ನೆ. ನಮ್ಮ ಸ್ಟ್ಯಾಂಡಿನಲ್ಲಿ ಈ ಕೆಳಗಿನವರಲ್ಲಿ ಯಾರು ಸೋಮಾರಿ..."

ಮೈಕಕ್ಕ ತುಟಿ ಕಚ್ಚಿಕೊಂಡು ಕಾದಳು.

"...ಅಲ್ಲ?"

"ಸರಿಯಾದ ಉತ್ತರ ಆಯ್ಕೆಗಳಲ್ಲೇ ಇಲ್ಲ," ಎಂದಳು. ಊರಿನ ನಾಲ್ಕು ಮೂಲೆಯಿಂದಲೂ ನಗೆ ಒಟ್ಟಿಗೇ ಆ ಪುಟ್ಟ ಪೆಟ್ಟಿಗೆಯೊಳಗೆ ನುಗ್ಗಿ ಬಂತು.

ಆಟವೆಂದು ಶುರುವಾದದ್ದು ಪಟ್ಟಾಗಿ ಹಿಡಿಯಿತು. ಡ್ರೈವರುಗಳು ಬೇಕೆಂದೇ ಮಾತು ಎಳೆದು, ಕೊನೆಗೆ ಒಂದು ತಿರುವು ಕೊಡುತ್ತಿದ್ದರು. ಅವಳು ಮೊದಮೊದಲು ಎಡವಿದಳು, ಆಮೇಲೆ ಕಲಿತಳು. ಫೋನ್ ಮಾಡಿದವರ ಮಾತನ್ನೂ ಪೂರ್ತಿ ಕೇಳತೊಡಗಿದಳು. ಅದರಿಂದ ಆದದ್ದೇನೆಂದರೆ, ಜನ ಮಾತಿನ ಕೊನೆಯಲ್ಲೇ ಮುಖ್ಯವಾದದ್ದನ್ನು ಹೇಳುತ್ತಾರೆಂದು ಗೊತ್ತಾಯಿತು. "ಜೊತೆಗೆ ಗಾಲಿಕುರ್ಚಿ ಇದೆ." "ಅಜ್ಜಿಗೆ ಕಿವಿ ಕೇಳಿಸುವುದಿಲ್ಲ, ಹಾರ್ನ್ ಮಾಡಬೇಡಿ, ಬಾಗಿಲು ತಟ್ಟಿ." ತಪ್ಪು ದಡಕ್ಕೆ ಹೋಗುವ ಗಾಡಿಗಳು ನಿಂತೇ ಹೋದವು. ಟ್ಯಾಕ್ಸಿಗಳ ಮಾಲೀಕಳಾದ ಓನರಮ್ಮ ಇದನ್ನು ಗಮನಿಸಿ, ಹಿಗ್ಗಬೇಕೋ ಹೆದರಬೇಕೋ ತಿಳಿಯದೆ ಒದ್ದಾಡಿದಳು.

"ನೀನು ಪಾಸಾದ್ರೆ ನನ್ನ ಗತಿಯೇನು ಮಾರಾಯ್ತಿ?"

"ಮೇಡಂ, ಮೊದಲು ಪಾಸಾಗೋಕೆ ಬಿಡಿ."

"ಬಿಡದೆ ಏನು ಮಾಡ್ತೀನಿ. ಪರೀಕ್ಷೆ ದಿನ ನಾನೇ ಮೈಕ್ ಹಿಡೀತೀನಿ, ಹೋಗು."

ಪರೀಕ್ಷೆಯ ದಿನ ಬಂತು. ಮೀಸೆ ಮಾವ ಗಾಡಿಯನ್ನು ಮದುವಣಗಿತ್ತಿಯ ಹಾಗೆ ತೊಳೆದು ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದ್ದ. ಮೈಕಕ್ಕ ಮುಂದಿನ ಸೀಟಿಗೆ ಹೋಗಲು ಹೊರಟರೆ ಹಿಂದಿನ ಬಾಗಿಲು ತೆರೆದು ಹಿಡಿದ. ಹೊರಟು ಎರಡು ಬೀದಿ ದಾಟಿರಲಿಲ್ಲ, ವೈರ್‌ಲೆಸ್ಸಿನಲ್ಲಿ ಓನರಮ್ಮನ ದನಿ ಮೊಳಗಿತು. ಒಂದೇ ಮನೆಗೆ ಮೂರು ಗಾಡಿ ಕಳಿಸಿದ್ದಳು. ರೈಲ್ವೆ ಸ್ಟೇಷನ್ನಿನಲ್ಲಿ ಒಂದೂ ಇರಲಿಲ್ಲ. ಒಬ್ಬ ಡ್ರೈವರ್ "ಮೇಡಂ, ಎಡಕ್ಕಾ ಬಲಕ್ಕಾ?" ಎಂದರೆ "ಮುಂದಕ್ಕೆ ಹೋಗಪ್ಪ ಸುಮ್ನೆ" ಎನ್ನುತ್ತಿದ್ದಳು.

ಮೈಕಕ್ಕ ಸೀಟಿನ ತುದಿಗೆ ಜಾರಿದಳು. "ಮಾವ, ಆ ಮೈಕ್ ಒಂಚೂರು ಕೊಡಿ. ಒಂದೇ ಮಾತು ಹೇಳಿಬಿಡ್ತೀನಿ."

ಮಾವ ಕೈ ಚಾಚಿ ವೈರ್‌ಲೆಸ್ ಆರಿಸಿದ. "ಇವತ್ತು ನೀನು ಪ್ಯಾಸೆಂಜರ್. ಪ್ಯಾಸೆಂಜರ್ ಕಿಟಕಿ ಆಚೆ ನೋಡ್ಬೇಕು."

ಅವಳು ಕಿಟಕಿಯಾಚೆ ನೋಡಿದಳು. ವರ್ಷಗಟ್ಟಲೆ ಬಾಯಲ್ಲಿ ಆಡಿದ ಹೆಸರುಗಳೆಲ್ಲ ಎದುರಿಗೆ ಬೀದಿಗಳಾಗಿ ಬಂದವು. ನಕ್ಷೆಯಲ್ಲಿ ಒಂದು ಗೆರೆಯಾಗಿದ್ದ ಗಲ್ಲಿಯಲ್ಲಿ ಯಾರೋ ಮಹಡಿಯಿಂದ ಬುಟ್ಟಿ ಇಳಿಬಿಟ್ಟು ಹಾಲು ತರಿಸಿಕೊಳ್ಳುತ್ತಿದ್ದರು. ಹಳೇ ಸೇತುವೆ ಅವಳು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಇಷ್ಟು ದೂರವೇ? ಆ ದಡದಲ್ಲಿ ಕಾದವರ ಪಾಡು ನೆನೆದು ನಾಲಿಗೆ ಕಚ್ಚಿಕೊಂಡಳು. ಎದೆಯ ಹೊಡೆತ ನಿಂತಿರಲಿಲ್ಲ, ಆದರೆ ಅದರಲ್ಲಿ ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು.

ಪರೀಕ್ಷಾ ಹಾಲಿನಲ್ಲಿ ಅವಳ ಸುತ್ತ ಇದ್ದವರೆಲ್ಲ ಅವಳಿಗಿಂತ ಎಷ್ಟೋ ಚಿಕ್ಕವರು. ಪಕ್ಕದ ಹುಡುಗಿ "ನೀವು ಮೇಲ್ವಿಚಾರಕರಾ?" ಎಂದು ಕೇಳಿಯೂಬಿಟ್ಟಳು. "ಇಲ್ಲಮ್ಮ, ನಿನ್ನ ಹಾಗೇ ಬೆವರ್ತಾ ಇರೋಳು," ಎಂದಳು ಮೈಕಕ್ಕ. ಇಬ್ಬರಿಗೂ ಸ್ವಲ್ಪ ಹಗುರವಾಯಿತು. ಗಂಟೆ ಹೊಡೆಯಿತು. ಈ ಸಲ ಅವಳು ಅಮ್ಮನ ಹಾಗೆ ಬೆರಳಿಟ್ಟು ಓದಿದಳು. ಕೈ ಮುಂದಕ್ಕೆ ಓಡಲು ಹವಣಿಸಿದಾಗಲೆಲ್ಲ ಬಾಲ ಬರುವವರೆಗೆ ತಡೆದು ಹಿಡಿದಳು. ಒಂದು ಪ್ರಶ್ನೆಯ ಕೊನೆಯಲ್ಲಿ "ಹೊರತುಪಡಿಸಿ" ಎಂಬ ಮಾತು ಕಳ್ಳನ ಹಾಗೆ ಬಾಗಿಲ ಹಿಂದೆ ನಿಂತಿತ್ತು; ಸಿಕ್ಕಿಬಿದ್ದ ಮಗನೇ ಎಂದು ಮನಸ್ಸಿನಲ್ಲೇ ಅದರ ಕಿವಿ ಹಿಂಡಿದಳು. ಕೊನೆಯ ಗಂಟೆ ಹೊಡೆದಾಗ ಅವಳಿನ್ನೂ ಕೊನೆಯ ಲೆಕ್ಕದಲ್ಲಿದ್ದಳು. ಉತ್ತರ ತುಂಬಿಸಿ ಮುಗಿಸುವುದಕ್ಕೂ ಹಾಳೆ ಕೈಬಿಡುವುದಕ್ಕೂ ಸರಿಹೋಯಿತು.

ಅಂಕಗಳು ಪ್ರಕಟವಾದದ್ದು ಒಂದು ಬೆಳಿಗ್ಗೆ, ಕೆಲಸದ ಭರಾಟೆಯಲ್ಲಿ. ಕೋಣೆಯ ಹಳೆಯ ಕಂಪ್ಯೂಟರ್ ಆಮೆಗಿಂತ ನಿಧಾನ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮೌಸು, ಬೆನ್ನ ಹಿಂದೆ ಓನರಮ್ಮನ ಬಿಸಿಯುಸಿರು. ಪುಟ ತೆರೆಯಿತು. ಅಂಕ ಹೋದ ಸಲಕ್ಕಿಂತ ಬಹಳ ಮೇಲಿತ್ತು. ಓನರಮ್ಮ ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು, ಮೈಕಕ್ಕ ಅದನ್ನೂ ಪೂರ್ತಿ ಓದಿದಳು: ಈ ಸುತ್ತಿನ ಕಟ್‌ಆಫ್ ಅನ್ನು ಮಧ್ಯಾಹ್ನ ತಿಳಿಸಲಾಗುವುದು.

"ಅಂದ್ರೆ?" ಎಂದಳು ಓನರಮ್ಮ.

"ಅಂದ್ರೆ ಅವರು ಕಟ್‌ಆಫ್ ಗೆರೆ ಮೇಲಕ್ಕೆ ಎತ್ತಿದ್ರೆ ನಾನು ಮತ್ತೆ ಕೆಳಗೆ."

ಆ ಬೆಳಗು ಕಳೆಯಬೇಕಾದರೆ ಸಾಕುಸಾಕಾಯಿತು. ಗೆರೆ ಏರುತ್ತದಂತೆ ಎಂದು ಒಬ್ಬ ಡ್ರೈವರ್ ಯಾರೋ ಪ್ಯಾಸೆಂಜರ್ ಹೇಳಿದ್ದನ್ನು ಒದರಿದ. ಮೀಸೆ ಮಾವ ಅವನಿಗೆ ಬಾಯಿಗೆ ಬೀಗ ಹಾಕಿಕೊಳ್ಳಲು ಹೇಳಿದ. ಮೈಕಕ್ಕ ಗಾಡಿಗಳನ್ನು ಕಳಿಸುತ್ತಲೇ ಇದ್ದಳು, ದನಿ ಮಾತ್ರ ಅರ್ಧ ಸುತ್ತು ಏರಿತ್ತು. ಲಾಂಡ್ರಿಯಿಂದ ಅಮ್ಮ ಅರ್ಧ ದಿನ ರಜೆ ಹಾಕಿ ಬಂದು, ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತಳು.

ಕೊನೆಗೆ ಆ ಪುಟ ಬದಲಾಯಿತು. ಗೆರೆ ಏರಿತ್ತು, ನಿಜ. ಆದರೆ ಮೈಕಕ್ಕ ಅದಕ್ಕಿಂತ ಎತ್ತರದಲ್ಲಿದ್ದಳು. ಅವಳು ಸಾಲನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದಳು, ಬಾಲದಲ್ಲಿ ಎಲ್ಲಾದರೂ ಒಂದು "ಅಲ್ಲ" ಇದೆಯೋ ಎಂದು. ಇರಲಿಲ್ಲ. ಪೂರ್ತಿ ಫೀಸು ಮಾಫಿ. ಮೈಕ್ ಎತ್ತಿಕೊಂಡಳು. ಓನರಮ್ಮ ಅದನ್ನು ಕಿತ್ತುಕೊಂಡು, "ಎಲ್ಲ ಗಾಡಿಗಳಿಗೂ, ನಮ್ಮ ಹುಡುಗಿ ಗೆದ್ದಳು," ಎಂದಳು.

ಕೆಳಗಿನ ಬೀದಿಯಲ್ಲಿ ಒಂದು ಹಾರ್ನು ಕೂಗಿತು, ಆಚೆ ಬೀದಿಯಲ್ಲಿ ಇನ್ನೊಂದು, ಸ್ಟೇಷನ್ನಿನ ಕಡೆಯಿಂದ ಮತ್ತೊಂದು. ಟೈರ್ ಅಂಗಡಿಯವನು ಯಾರಿಗೋ ಅಪಘಾತವಾಯಿತೆಂದು ಸ್ಪ್ಯಾನರ್ ಹಿಡಿದೇ ಹೊರಗೆ ಓಡಿಬಂದ. ಅಮ್ಮ ಸ್ಟೂಲಿನಿಂದ ಎದ್ದು ಬಂದು ಹಬೆಯಲ್ಲಿ ಬೆಂದು ಒರಟಾದ ಎರಡೂ ಅಂಗೈಗಳನ್ನು ಮಗಳ ಕೆನ್ನೆಗೆ ಒತ್ತಿದಳು.

"ನಿಮ್ಮಪ್ಪ ಇದ್ದಿದ್ರೆ..." ಎಂದಳು. ಮೈಕಕ್ಕ ಕಾದಳು. "...ಇಷ್ಟೊತ್ತಿಗೆ ಅರ್ಧ ಊರಿಗೆ ಹೇಳಿ ಬಂದಿರೋರು."

ಅವಳು ಸೇರಿದ್ದು ಸಂಖ್ಯಾಶಾಸ್ತ್ರಕ್ಕೆ. ಬೆಳಿಗ್ಗೆ ಕಾಲೇಜು, ಸಂಜೆ ಮೈಕು. ಹಗಲಿನ ಕುರ್ಚಿಗೆ ಓನರಮ್ಮ ಮೀಸೆ ಮಾವನನ್ನು ಕೂರಿಸಿದಳು; ಕ್ಲಚ್ ತುಳಿಯಲಾರದ ಅವನ ಮಂಡಿಗೂ ಅದೇ ಬೇಕಾಗಿತ್ತು. ಅವನು ಫೋನಿನಲ್ಲಿ ಜನರ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಾನೆ, ಗಾಡಿ ಸ್ವಲ್ಪ ತಡವಾಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಕಾಲರ್‌ಶಿಪ್ ಉಳಿಯಬೇಕಾದರೆ ಪ್ರತಿ ವರ್ಷ ಒಳ್ಳೆಯ ಅಂಕ ತೆಗೆಯಬೇಕು; ಮೊದಲ ವರ್ಷ ಅವಳು ತರಗತಿಗೇ ಎರಡನೆಯವಳಾಗಿ ಬಂದಳು. ಮೊದಲನೆಯವಳು ಪರೀಕ್ಷಾ ಹಾಲಿನಲ್ಲಿ ಪಕ್ಕದಲ್ಲಿ ಕೂತಿದ್ದ ಅದೇ ಹುಡುಗಿ. ಈಗ ಇಬ್ಬರೂ ಒಂದೇ ಬೆಂಚು.

ಈಚೆಗೆ ಭಾನುವಾರದ ಬೆಳಿಗ್ಗೆ ಆ ಕೋಣೆಯಲ್ಲಿ ಬೇರೆಯದೇ ಗಲಾಟೆ. ಇಬ್ಬರು ಡ್ರೈವರುಗಳು, ಒಬ್ಬ ಡ್ರೈವರನ ಹೆಂಡತಿ, ಟೈರ್ ಅಂಗಡಿಯವನ ಅಕ್ಕ, ಎಲ್ಲರೂ ನೆಲದ ಮೇಲೆ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿರುತ್ತಾರೆ. ಮುಂದಿನ ಸುತ್ತಿನ ಪರೀಕ್ಷೆಗೆ ನಾಲ್ವರೂ ಹೆಸರು ಕೊಟ್ಟಿದ್ದಾರೆ. ಟೈರ್ ಅಂಗಡಿಯವನ ಅಕ್ಕನಿಗೆ ಮೊಮ್ಮಗು ಹುಟ್ಟಿದೆ. ಅನುಪಾತದ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಅಲ್ಲಿಲ್ಲ.

"ನನಗೇನಾದ್ರೂ ಸ್ಕಾಲರ್‌ಶಿಪ್ ಸಿಕ್ತು ಅಂತಿಟ್ಕೋ," ಎಂದಳು ಆಕೆ ಮೊನ್ನೆ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಕಾಲೇಜಿಗೆ ಮೊದಲನೇ ದಿನ ಏನು ಉಟ್ಕೊಂಡು ಹೋಗ್ಲಿ?"

ಉಳಿದ ಮೂವರೂ ಒಂದೇ ಸಲ ಸಲಹೆ ಕೊಡಲು ಶುರುಮಾಡಿದರು. ಮೈಕಕ್ಕ ಮೇಜು ತಟ್ಟಿ, "ಮೊದಲು ಆರನೇ ಪ್ರಶ್ನೆ ಮುಗಿಸಿ, ಸೀರೆ ಆಮೇಲೆ" ಎಂದಳು.