ಓಣಿಗೆ ರೊಕ್ಕ ಹಾಕಿದ ಗಡಿಗೆಪ್ಪ ಸಾಹುಕಾರರು

ಸ್ವಪ್ನಾ ಮೊದಲು ಗಡಿಗೆಪ್ಪ ಸಾಹುಕಾರರನ್ನು ನೋಡಿದ್ದು ಮಾನ್ವಿಯಲ್ಲಿ, ಅವರ ರೈಸ್ ಮಿಲ್ಲಿನ ಅಂಗಳದಲ್ಲಿ. ಮಧ್ಯಾಹ್ನದ ಹೊತ್ತು. ಅವರು ಭತ್ತದ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಲ್ಲಿ ಕಾಳು ಉಜ್ಜಿ, ಹೊಟ್ಟು ಊದಿ, ಒಂದನ್ನು ಹಲ್ಲಿಗಿಟ್ಟು ಕಡಿಯುತ್ತಿದ್ದರು. ಬಿಳಿ ಅಂಗಿಯ ಹೆಗಲ ತುಂಬ ತೌಡಿನ ಪುಡಿ. ಹಣೆಯ ಮೇಲೂ ಅದೇ ಪುಡಿ ಕೂತಿದ್ದರಿಂದ ವಿಭೂತಿ ಯಾವುದು, ತೌಡು ಯಾವುದು ಎಂದು ತಿಳಿಯುತ್ತಿರಲಿಲ್ಲ. ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದ ಆಕೆಯನ್ನು ನೋಡಿ, "ಯಾರ ಪೈಕಿ ಯವ್ವಾ?" ಎಂದರು.

"ಬಾಗಲವಾಡದಾಕಿ ರೀ. ನಮ್ಮಪ್ಪ ನಿಮ್ಮ ಮಿಲ್ಲಿಗೇ ಭತ್ತ ಹಾಕ್ತಾನ."

"ಹಂಗಾರ ರೇಟ್ ಕೇಳಾಕ ಬಂದೀ."

"ಅಲ್ರಿ, ರೊಕ್ಕ ಕೇಳಾಕ ಬಂದೀನಿ."

ಅವರು ಬಾಯಲ್ಲಿದ್ದ ಕಾಳು ಹೊರಗೆ ಬೀಳುವಷ್ಟು ನಕ್ಕರು. ಮಂಡಾಳ ಒಗ್ಗರಣಿ ತರಿಸಿ, ಆಕೆ ತಿಂದು ಮುಗಿಸುವವರೆಗೂ ಏನನ್ನೂ ಕೇಳಲಿಲ್ಲ. ಆಮೇಲೆ, "ಈಗ ಹೇಳು" ಎಂದರು.

ಸ್ವಪ್ನಾ ತನ್ನ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು. ರಾಯಚೂರಿನ ಕಾಲೇಜಿನಲ್ಲಿ ಜೊತೆಗೆ ಓದಿದ ರಾಹಿಲ್ ಮತ್ತು ಅವಳು ಸೇರಿ, ಸ್ಟೇಷನ್ ರೋಡಿನ ಒಂದು ರೂಮಿನಲ್ಲಿ ಕೂತು 'ಓಣಿ' ಎಂಬ ಆ್ಯಪ್ ಮಾಡಿದ್ದರು. ಅದರಲ್ಲಿ ಬರೆಯಬೇಕಿಲ್ಲ, ಓದಬೇಕಿಲ್ಲ. ಬೇಕಾದವರ ಫೋಟೋ ಒತ್ತಿ ಮಾತಾಡಿದರೆ ಸಾಕು, ಮಾತು ಅವರಿಗೆ ಮುಟ್ಟುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಕಾದಿದ್ದು ಮುಟ್ಟುತ್ತದೆ. ಅಕ್ಷರ ಬಾರದ ಅವ್ವಂದಿರು, ಅಜ್ಜಂದಿರು ಅದಕ್ಕೆ ಒಗ್ಗಿಹೋಗಿದ್ದರು. ಬಳಸುವವರು ಹೆಚ್ಚಿದಷ್ಟೂ ಖರ್ಚು ಹೆಚ್ಚಿತು. ಆದಾಯ ಮಾತ್ರ ಇರಲಿಲ್ಲ.

"ಜನರ ಕಡಿಂದ ಏನು ತಗೋತೀರಿ?"

"ಏನೂ ಇಲ್ರಿ."

"ಹಂಗಾರ ನೀವೇನು ಗಾಳಿ ಕುಡದು ಬದಕ್ತೀರೇನು?"

ಒಂದು ವರ್ಷದ ಖರ್ಚು ಕೊಡಲು ಗಡಿಗೆಪ್ಪನವರು ಒಪ್ಪಿದರು. ಒಂದೇ ಷರತ್ತು: ಯಾರು ಯಾರಿಗೆ ಮಾತು ಕಳಿಸಿದರೂ, ಅದಕ್ಕೆ ಮೊದಲು ಅವರ ಮಿಲ್ಲಿನ ಜಾಹೀರಾತು ಕೇಳಿಸಬೇಕು. ಜಾಹೀರಾತು ನಿಂತರೆ ರೊಕ್ಕವೂ ನಿಲ್ಲುತ್ತದೆ. ಸ್ವಪ್ನಾಳಿಗೆ ಮನಸ್ಸಿರಲಿಲ್ಲ. ಆದರೆ ಒಪ್ಪದಿದ್ದರೆ ಬರುವ ತಿಂಗಳೇ ಓಣಿ ಮುಚ್ಚಬೇಕಿತ್ತು. ಒಪ್ಪಿದಳು.

ದನಿ ಕೊಡಲು ಸಾಹುಕಾರರೇ ರಾಯಚೂರಿಗೆ ಬಂದರು. ಸರಿಬರಲಿಲ್ಲವೆಂದು ಅವರಿಂದ ಮತ್ತೆ ಮತ್ತೆ ಹೇಳಿಸಿ ರಾಹಿಲ್ ಸುಸ್ತಾದ. ಕೊನೆಗೆ ಸಂತೆಯಲ್ಲಿ ಕೂಗುವವರಂತೆ ಕೂಗಿದರು: "ಅಕ್ಕಿ ಬೇಕೇನ್ರಿ ಅಕ್ಕಿ! ಗಡಿಗೆಪ್ಪನ ಮಿಲ್ಲಿನ ಅಕ್ಕಿ! ಅನ್ನ ಮಾಡಿದ್ರ ಮಲ್ಲಿಗಿ ಹೂ ಅರಳಿದಂಗ! ಬರ್ರಿ, ಉಂಡು ನೋಡ್ರಿ!"

ಜನ ಬೇಸರಪಡಲಿಲ್ಲ, ಬದಲಿಗೆ ನಕ್ಕರು. ಮಕ್ಕಳು ಅದನ್ನೇ ಅಣಕಿಸಿ ಓಡಾಡಿದರು. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರು ಸಾಹುಕಾರರ ದನಿ ಕೇಳಿ, "ಮಲ್ಲಿಗಿ ಹೂವಿನ ಯಜಮಾನ್ರು ಬಂದ್ರು, ಜಾಗಾ ಬಿಡ್ರಲೇ" ಎಂದನಂತೆ. ಆ ಮಾತನ್ನು ಅವರು ಸ್ವಪ್ನಾಳಿಗೆ ಫೋನ್ ಮಾಡಿ ಹೇಳಿಕೊಂಡರು. ಅಕ್ಕಿಯ ವ್ಯಾಪಾರವೂ ಏರಿತು.

ಹೀಗಿರುವಾಗ ಗಬ್ಬೂರಿನ ಮುದುಕಪ್ಪ ತೀರಿಕೊಂಡ. ಮೊದಲಿನಿಂದಲೂ ಅದೇ ಮಿಲ್ಲಿಗೆ ಭತ್ತ ಹಾಕಿದವನು. ಸ್ವಪ್ನಾಳಿಗೆ ದೂರದ ಸಂಬಂಧ. ಸಾಹುಕಾರರು ಆಕೆಯನ್ನೂ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು.

ಪಡಸಾಲೆಯಲ್ಲಿ ಮುದುಕಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ಹೂವು. ಮಗ್ಗುಲಲ್ಲಿ ಹೆಂಡತಿ ಚನ್ನಮಲ್ಲಮ್ಮ. ಕಿರಿಮಗ ಚನ್ನವೀರ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಣ್ಣು ಮಾಡುವ ಹೊತ್ತಿಗೆ ಊರು ಮುಟ್ಟುವಂತಿರಲಿಲ್ಲ. ಅವನು ಓಣಿಯಲ್ಲಿ ಮಾತು ಕಳಿಸಿದ್ದ. ಎಲ್ಲರಿಗೂ ಕೇಳಲೆಂದು ಮಗಳು ನಾಗರತ್ನಾ ಫೋನಿನ ದನಿ ಏರಿಸಿ, ಗುಂಡಿ ಒತ್ತಿದಳು.

"ಅಕ್ಕಿ ಬೇಕೇನ್ರಿ ಅಕ್ಕಿ!"

ಭಜನೆಯವರ ತಾಳ ನಿಂತಿತು. ಮಲ್ಲಿಗೆ ಹೂ ಅರಳಿ ಮುಗಿಯುವವರೆಗೂ ಯಾರೂ ಅಲುಗಾಡಲಿಲ್ಲ. ಆಮೇಲೆ ಚನ್ನವೀರನ ದನಿ ಬಂತು. "ಯಪ್ಪಾ... ನಾ ಬರಾಕ ಆಗವಲ್ದು ಯಪ್ಪಾ... ಯವ್ವಾ, ನನ್ನ ಪರವಾಗಿ ನೀನ ಒಂದು ಹಿಡಿ ಮಣ್ಣು ಹಾಕು."

"ಇನ್ನೊಮ್ಮಿ ಹಚ್ಚು" ಎಂದಳು ಚನ್ನಮಲ್ಲಮ್ಮ.

ಇನ್ನೊಮ್ಮೆ ಹಚ್ಚಿದರೆ ಮತ್ತೆ ಮೊದಲು ಅಕ್ಕಿ, ಆಮೇಲೆ ಮಗ. ಆಕೆ ಮತ್ತೂ ಕೇಳಿದಳು. ಮೂಲೆಯಲ್ಲಿದ್ದ ಮುದುಕಿ ತಿಮ್ಮವ್ವನಿಗೆ ತಡೆಯಲಾಗಲಿಲ್ಲ. "ಸತ್ತ ಮನ್ಯಾಗನೂ ಅಕ್ಕಿ ಮಾರಾಕತ್ತಾನಲ್ಲ ಬೇ, ಎಂಥಾ ಮನಷ್ಯಾ ಇಂವ!" ಎಂದಳು. ಆ ಮನುಷ್ಯ ಎದುರಿಗೇ ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ. ಗಡಿಗೆಪ್ಪನವರು ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾಗಿದ್ದನ್ನು ಸ್ವಪ್ನಾ ಕಂಡಳು. ತನಗೂ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಚನ್ನಮಲ್ಲಮ್ಮ ಕಣ್ಣೊರೆಸಿಕೊಂಡು ಇತ್ತ ತಿರುಗಿದಳು. "ಮನಸಿಗೆ ಹಚ್ಕೋಬ್ಯಾಡ್ರಿ ಸಾವ್ಕಾರ್ರ. ಇವರಿಗೆ ನಿಮ್ಮ ಕೂಗು ಬಾಳ ಸೇರ್ತಿತ್ತು. ನಗಾಕಂತನ ಮತ್ತಮತ್ತ ಹಚ್ಚಸ್ತಿದ್ರು."

ಅಷ್ಟು ಹೊತ್ತು ತಡೆದುಕೊಂಡಿದ್ದ ಗಡಿಗೆಪ್ಪನವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಗಡಿಗೆಪ್ಪನವರು ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ಆ ಕೂಗು ತಗದು ಹಾಕು" ಎಂದರು.

"ಸಾವಿನ ಮಾತಿಗಷ್ಟ ತಗೀಲೇನ್ರಿ?"

"ಯಾವ ಮಾತಿನ್ಯಾಗ ಸಾವು ಅದ, ಯಾವದ್ರಾಗ ಹುಟ್ಟು ಅದ ಅಂತ ನಿನ್ನ ಆ್ಯಪ್‌ಗೆ ಹೆಂಗ ತಿಳೀತದ? ಎಲ್ಲಾ ತಗಿ."

"ತಗದ್ರ ನಿಮ್ಮ ರೊಕ್ಕ ನಿಲ್ತದ್ರಿ. ಓಣಿನೂ ನಿಲ್ತದ."

"ವರ್ಷ ಮುಗಿಯೋತನಕ ಕೊಡ್ತೀನಿ. ಅಷ್ಟ್ರಾಗ ಬ್ಯಾರೆ ದಾರಿ ಹುಡುಕು."

ಸ್ವಪ್ನಾ ಮತ್ತು ರಾಹಿಲ್ ಜಗಳವಾಡಿ, ಅಳಿಸಿ, ತಿದ್ದಿ ಒಂದು ದಾರಿ ಮಾಡಿದರು. ಮನೆಯವರ ಮಾತು ಒಂದು ಕಡೆ, 'ಅಂಗಡಿ ಸಾಲು' ಇನ್ನೊಂದು ಕಡೆ. ಮಾರುವವರು ತಿಂಗಳ ಬಾಡಿಗೆ ಕೊಟ್ಟು ಸಾಲಿನಲ್ಲಿ ಕೂರಬೇಕು. ಭತ್ತದ ರೇಟು, ಬೀಜ, ಗೊಬ್ಬರ ಬೇಕಾದವರು ತಾವಾಗಿ ಅಲ್ಲಿಗೆ ಹೋಗಿ ಕೇಳಬೇಕು. ಯಾರ ಮನೆಯೊಳಗೂ ನುಗ್ಗುವಂತಿಲ್ಲ. ಆದರೆ ಅಂಗಡಿಕಾರರು ಇಬ್ಬರನ್ನೂ ನಂಬಲಿಲ್ಲ. ದೇವದುರ್ಗದ ಬೀಜದ ಅಂಗಡಿಯವನು, "ಓದಿದ ಹುಡುಗರು, ಇವತ್ತು ಇರ್ತೀರಿ, ನಾಳಿ ಹೋಗ್ತೀರಿ" ಎಂದು ನೀರು ಕೊಟ್ಟು ಕಳಿಸಿದ.

ಅದನ್ನು ಕೇಳಿದ ಗಡಿಗೆಪ್ಪನವರು ಮರುದಿನ ತಾವೇ ಆಕೆಯ ಜೊತೆ ಹೊರಟರು. ಅದೇ ಅಂಗಡಿಯ ಬೆಂಚಿನ ಮೇಲೆ ಕೂತು, "ಮೊದಲನೇ ಬಾಡಿಗಿ ನಾನ ಕಟ್ಟೀನಪಾ. ನಾ ಎಲ್ಲಿ ಓಡಿಹೋಗ್ತೀನಿ?" ಎಂದರು. ಬೀಜದವನು ಸೇರಿದ. ಎದುರಿನ ಪೈಪಿನ ಅಂಗಡಿಯವನು ಕೈಯಾಡಿಸಿ ಕಳಿಸಿಬಿಟ್ಟ. ಪಕ್ಕದವನು ಚಹಾ ಕುಡಿಸಿ, ವಿಚಾರ ಮಾಡುತ್ತೇನೆ ಎಂದ.

ವರ್ಷ ಮುಗಿದರೂ ಓಣಿ ಮುಚ್ಚಲಿಲ್ಲ. ಲಾಭ ಇನ್ನೂ ಕಂಡಿಲ್ಲ, ಆದರೆ ರೂಮಿನ ಬಾಡಿಗೆ, ಸರ್ವರಿನ ಬಿಲ್ಲು, ಇಬ್ಬರ ಪಗಾರ ಅಂಗಡಿ ಸಾಲಿನಿಂದಲೇ ಹುಟ್ಟುತ್ತದೆ. ಮಿಲ್ಲನ್ನು ಈಗ ಮಗ ಅಂಬರೀಶ ನೋಡಿಕೊಳ್ಳುತ್ತಾನೆ. ಗಡಿಗೆಪ್ಪನವರು ಮಾನ್ವಿ, ದೇವದುರ್ಗ, ರಾಯಚೂರಿನ ಅಂಗಡಿಗಳಿಗೆ ಹೋಗಿ, ಮಾಲೀಕರ ಜೊತೆ ಮಾತಾಡಿ, ಅವರನ್ನು ಓಣಿಗೆ ಸೇರಿಸುವ ಕೆಲಸ ಮಾಡುತ್ತಾರೆ.